ಬಿಡುಗಡೆ ಆಯ್ತು, ಖರ್ಚಾಯ್ತಾ? ಸದನದ ಉತ್ತರ ಓದುವ ಬಗೆ

ವಿಧಾನಸಭೆಯ ಪ್ರಶ್ನೋತ್ತರದ ಒಂದು ಹಾಳೆ ಕೈಗೆ ತಗೊಳ್ಳಿ. ಮೇಲೆ ಪ್ರಶ್ನೆಯ ಸಂಖ್ಯೆ, ಶಾಸಕರ ಹೆಸರು, ಉತ್ತರಿಸಬೇಕಾದ ದಿನಾಂಕ, ಉತ್ತರಿಸುವ ಸಚಿವರು. ಕೆಳಗೆ ಎಡಕ್ಕೆ ಪ್ರಶ್ನೆ, ಬಲಕ್ಕೆ ಉತ್ತರ. ಪ್ರಶ್ನೆಯನ್ನು ಅ, ಆ, ಇ ಎಂದು ತುಂಡು ಮಾಡಿರುತ್ತಾರೆ. ‘ತಾಲ್ಲೂಕಿನ ಗ್ರಾಮೀಣ ರಸ್ತೆಗಳು ಹದಗೆಟ್ಟಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ?’ ಎದುರಿಗೆ ಒಂದೇ ಪದ: ‘ಬಂದಿದೆ.’ ‘ಬಂದಿದ್ದಲ್ಲಿ, ದುರಸ್ತಿಗೆ ಕೈಗೊಂಡ ಕ್ರಮಗಳೇನು?’ ಎದುರಿಗೆ: ‘ಅನುದಾನದ ಲಭ್ಯತೆಗೆ ಅನುಗುಣವಾಗಿ ಹಂತ ಹಂತವಾಗಿ ಕ್ರಮ ವಹಿಸಲಾಗುವುದು.’ ‘ಈವರೆಗೆ ಬಿಡುಗಡೆಯಾದ ಹಣವೆಷ್ಟು? ಸಂಪೂರ್ಣ ವಿವರ ನೀಡುವುದು.’ ಎದುರಿಗೆ: ‘ವಿವರವನ್ನು ಅನುಬಂಧದಲ್ಲಿ ಒದಗಿಸಿದೆ.’

ಅಧಿವೇಶನದ ದಿನಗಳಲ್ಲಿ ಟಿವಿಯಲ್ಲಿ ಕಾಣುವುದು ಧರಣಿ, ಸಭಾತ್ಯಾಗ, ಮಾತಿನ ಚಕಮಕಿ. ಈ ಹಾಳೆ ಕಾಣುವುದಿಲ್ಲ. ಆದರೆ ನಮ್ಮ ತಾಲ್ಲೂಕಿಗೆ ಎಷ್ಟು ದುಡ್ಡು ಬಂತು, ಅದು ಎಲ್ಲಿಗೆ ಹೋಯ್ತು ಅಂತ ಒಬ್ಬ ಸಚಿವರು ಬರೆದುಕೊಡುವುದು ಇಲ್ಲಿಯೇ. ವೇದಿಕೆಯ ಭಾಷಣವನ್ನು ‘ನಾನು ಹಾಗೆ ಹೇಳಿಲ್ಲ’ ಎಂದು ತಳ್ಳಿಹಾಕಬಹುದು. ಸದನಕ್ಕೆ ಕೊಟ್ಟ ಲಿಖಿತ ಉತ್ತರವನ್ನು ಹಾಗೆ ತಳ್ಳಿಹಾಕಲು ಬರುವುದಿಲ್ಲ. ತಪ್ಪು ಮಾಹಿತಿ ಕೊಟ್ಟರೆ ಹಕ್ಕುಚ್ಯುತಿಯ, ಅಂದರೆ ಸದನದ ಹಕ್ಕಿಗೆ ಧಕ್ಕೆ ತಂದ, ಮಾತು ಏಳುತ್ತದೆ. ಹಾಗಾಗಿ ಈ ಉತ್ತರಗಳಲ್ಲಿ ನೇರ ಸುಳ್ಳು ಇರುವ ಸಾಧ್ಯತೆ ಕಡಿಮೆ. ತೊಂದರೆ ಇರುವುದು ಬೇರೆ ಕಡೆ. ಬರೆದದ್ದೆಲ್ಲ ನಿಜವೇ ಆಗಿದ್ದರೂ ನಮಗೆ ತಿಳಿಯಬೇಕಾದ್ದು ತಿಳಿಯದೆ ಉಳಿದುಬಿಡುತ್ತದೆ.

ಅದು ಹೇಗೆ ಅಂತ ನೋಡಲು ಮೊದಲು ಪ್ರಶ್ನೆ ಸಾಗುವ ದಾರಿ ನೋಡಬೇಕು. ಶಾಸಕರು ಪ್ರಶ್ನೆಯನ್ನು ವಿಧಾನಸಭೆ ಸಚಿವಾಲಯಕ್ಕೆ ಕೊಡುತ್ತಾರೆ. ಚುಕ್ಕೆ ಗುರುತಿನ ಪ್ರಶ್ನೆಯಾದರೆ ಸಚಿವರು ಸದನದಲ್ಲಿ ಎದ್ದು ನಿಂತು ಉತ್ತರಿಸಬೇಕು. ಅದರ ಮೇಲೆ ಉಪಪ್ರಶ್ನೆ ಕೇಳಬಹುದು. ಚುಕ್ಕೆ ಗುರುತಿಲ್ಲದ ಪ್ರಶ್ನೆಗೆ ಬರೆದ ಉತ್ತರ ಮಾತ್ರ. ಎರಡಕ್ಕೂ ಮಾಹಿತಿ ಬರುವುದು ಕೆಳಗಿನಿಂದಲೇ. ಸಚಿವಾಲಯದಿಂದ ಇಲಾಖೆಗೆ, ಇಲಾಖೆಯಿಂದ ಜಿಲ್ಲಾ ಕಚೇರಿಗೆ, ಅಲ್ಲಿಂದ ತಾಲ್ಲೂಕಿನ ಒಬ್ಬ ಎಂಜಿನಿಯರ್ ಅಥವಾ ಗುಮಾಸ್ತರ ಮೇಜಿಗೆ. ಕಚೇರಿಗಳಲ್ಲಿ ವಿಧಾನಸಭೆಯ ಪ್ರಶ್ನೆಯನ್ನು ‘ಎಲ್‌ಎಕ್ಯೂ’ ಎನ್ನುತ್ತಾರೆ. ಪರಿಷತ್ತಿನದಾದರೆ ‘ಎಲ್‌ಸಿಕ್ಯೂ’. ಎಲ್‌ಎಕ್ಯೂ ಬಂದಿದೆ ಅಂದರೆ ಉಳಿದ ಕೆಲಸವೆಲ್ಲ ಪಕ್ಕಕ್ಕೆ. ಮೇಲಿನಿಂದ ಒಂದು ನಮೂನೆ ಬರುತ್ತದೆ: ಇಂತಿಂಥ ಕಾಲಂ ತುಂಬಿ, ಸಂಜೆಯೊಳಗೆ ಕಳಿಸಿ.

ನನ್ನ ಪ್ರಕಾರ ಮುಖ್ಯ ವಿಷಯ ಈ ನಮೂನೆಯಲ್ಲೇ ಇದೆ. ಅದರಲ್ಲಿ ಇಲ್ಲದ ಕಾಲಂ ಉತ್ತರದಲ್ಲಿ ಬರುವುದಿಲ್ಲ. ನಮೂನೆಯಲ್ಲಿ ಯಾವ ಕಾಲಂ ಇರಬೇಕು ಎಂದು ತೀರ್ಮಾನಿಸುವುದು ಶಾಸಕರು ಕೇಳಿದ ಪ್ರಶ್ನೆಯ ಪದಗಳು. ‘ಬಿಡುಗಡೆಯಾದ ಅನುದಾನವೆಷ್ಟು’ ಎಂದು ಕೇಳಿದರೆ ಬಿಡುಗಡೆಯ ಕಾಲಂ ಮಾತ್ರ ಬರುತ್ತದೆ. ಆ ಎಂಜಿನಿಯರ್‌ಗೆ ಕಟ್ಟಡ ಅರ್ಧಕ್ಕೆ ನಿಂತಿದೆ ಎಂದು ಗೊತ್ತಿರುತ್ತದೆ. ಆದರೆ ಅದನ್ನು ಬರೆಯಲು ಜಾಗವೇ ಇರುವುದಿಲ್ಲ.

ದುಡ್ಡಿನ ವಿಷಯದಲ್ಲಿ ನಾಲ್ಕು ಪದಗಳನ್ನು ಬೇರೆ ಬೇರೆಯಾಗಿ ಹಿಡಿದುಕೊಳ್ಳಬೇಕು: ಹಂಚಿಕೆ, ಬಿಡುಗಡೆ, ವೆಚ್ಚ, ಭೌತಿಕ ಪ್ರಗತಿ. ಬಜೆಟ್‌ನಲ್ಲಿ ಘೋಷಿಸಿದ್ದು ಹಂಚಿಕೆ. ಆರ್ಥಿಕ ಇಲಾಖೆ ಕಂತುಗಳಲ್ಲಿ ಕೊಟ್ಟದ್ದು ಬಿಡುಗಡೆ. ನೆಲದ ಮೇಲೆ ನಿಜವಾಗಿ ಆದ ಕೆಲಸ ಭೌತಿಕ ಪ್ರಗತಿ. ವೆಚ್ಚ ಅಂದರೆ ಖರ್ಚಾದದ್ದು ಅಂತ ನಾವು ಅಂದುಕೊಳ್ಳುತ್ತೇವೆ, ಅಲ್ವಾ? ಲೆಕ್ಕದಲ್ಲಿ ಯಾವಾಗಲೂ ಹಾಗಿರುವುದಿಲ್ಲ. ಇಲಾಖೆ ಅಥವಾ ಮಂಡಳಿ ಕಾಮಗಾರಿಯನ್ನು ಒಂದು ಅನುಷ್ಠಾನ ಸಂಸ್ಥೆಗೆ ವಹಿಸಿ ಅದರ ಖಾತೆಗೆ ಹಣ ಹಾಕಿದ ದಿನವೇ ಆ ಹಣ ವೆಚ್ಚದ ಕಾಲಂಗೆ ಹೋಗಬಹುದು. ಆ ಸಂಸ್ಥೆ ಟೆಂಡರ್ ಕರೆಯುವುದು, ಜಾಗ ಸಿಗುವುದು, ಗುತ್ತಿಗೆದಾರ ಕೆಲಸ ಶುರು ಮಾಡುವುದು ಆಮೇಲಿನ ಮಾತು. ಹಣ ಠೇವಣಿ ಖಾತೆಗಳಲ್ಲಿ ಉಳಿಯುವುದು, ಹಣ ಬಳಕೆ ಪ್ರಮಾಣಪತ್ರ ಬಾರದಿರುವುದು ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಮಹಾಲೇಖಪಾಲರ (ಸಿಎಜಿ) ವರದಿಗಳಲ್ಲಿ ಮತ್ತೆ ಮತ್ತೆ ಬರುವ ಆಕ್ಷೇಪ.

ಒಂದು ಲೆಕ್ಕ ಹಾಕಿ ನೋಡೋಣ. ಒಂದು ತಾಲ್ಲೂಕಿಗೆ ಶಾಲಾ ಕೊಠಡಿಗಳಿಗಾಗಿ 10 ಕೋಟಿ ರೂಪಾಯಿ ಹಂಚಿಕೆ ಆಗಿದೆ ಎಂದುಕೊಳ್ಳಿ. ಬಿಡುಗಡೆ ಆದದ್ದು 8 ಕೋಟಿ. ಅನುಷ್ಠಾನ ಸಂಸ್ಥೆಯ ಖಾತೆಗೆ ಹೋದದ್ದು 7.5 ಕೋಟಿ. ಗೋಡೆ, ಚಾವಣಿ ಆಗಿ ಎದ್ದು ನಿಂತದ್ದು 3 ಕೋಟಿಯ ಕೆಲಸ. ಈಗ ‘ಬಿಡುಗಡೆಯಾದ ಅನುದಾನದಲ್ಲಿ ಶೇಕಡಾ ಎಷ್ಟು ವೆಚ್ಚವಾಗಿದೆ’ ಎಂದು ಕೇಳಿದರೆ ಉತ್ತರ ಶೇ 94ರ ಹತ್ತಿರ ಬರುತ್ತದೆ. ‘ಹಂಚಿಕೆಯಾದ ಹಣದಲ್ಲಿ ಎಷ್ಟು ಕೆಲಸ ಮುಗಿದಿದೆ’ ಎಂದು ಕೇಳಿದರೆ ಶೇ 30. ಎರಡೂ ನಿಜ. ಸಚಿವರು ಮೊದಲನೆಯದನ್ನು ಓದಿ ಕೂರುತ್ತಾರೆ. ಕೇಳಿದವರೂ ಶೇ 94 ಚೆನ್ನಾಗಿದೆ ಎಂದು ಕೂರುತ್ತಾರೆ. ಅತ್ತ ಮಕ್ಕಳು ಮರದ ಕೆಳಗೆ ಕೂತಿರುತ್ತಾರೆ.

ದಿನಾಂಕ ಇನ್ನೊಂದು ಕಾಲಂ. ಇದನ್ನು ಕೇಳುವವರು ಕಡಿಮೆ. ಹಣಕಾಸು ವರ್ಷ ಏಪ್ರಿಲ್‌ನಲ್ಲಿ ಶುರುವಾಗುತ್ತದೆ. ಕ್ರಿಯಾ ಯೋಜನೆಗೆ, ಅಂದರೆ ಯಾವ್ಯಾವ ಕಾಮಗಾರಿ ಎಂಬ ಪಟ್ಟಿಗೆ, ಒಪ್ಪಿಗೆ ಸಿಗುವುದೇ ವರ್ಷದ ಕೊನೆಯ ತಿಂಗಳುಗಳಲ್ಲಿ ಎಂದಾದರೆ, ಮಾರ್ಚ್‌ನಲ್ಲಿ ಬಿಲ್‌ಗಳು ಒಟ್ಟಿಗೆ ಬೀಳುತ್ತವೆ. ‘ಒಪ್ಪಿಗೆ ಸಿಕ್ಕ ದಿನಾಂಕ ಯಾವುದು’ ಎಂದು ಒಂದು ಸಾಲು ಕೇಳಿದರೆ ವಿಳಂಬ ಎಲ್ಲಿ ಆಯ್ತು ಎಂಬುದು ತಾನಾಗಿ ಗೊತ್ತಾಗುತ್ತದೆ. ಎಷ್ಟು ಕೋಟಿ ಎಂದು ಕೇಳುವುದಕ್ಕಿಂತ ಯಾವತ್ತು ಎಂದು ಕೇಳುವುದು ಎಷ್ಟೋ ಸಲ ಜಾಸ್ತಿ ಕೆಲಸ ಮಾಡುತ್ತದೆ.

ಈ ಮಾತು ಕಲ್ಯಾಣ ಕರ್ನಾಟಕಕ್ಕೆ ಬಂದಾಗ ಇನ್ನೂ ಗಟ್ಟಿಯಾಗುತ್ತದೆ. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ. ಈ ಏಳು ಜಿಲ್ಲೆಗಳಿಗೆ ಸಂವಿಧಾನದಲ್ಲೇ ಒಂದು ವಿಧಿ ಇದೆ. 98ನೇ ತಿದ್ದುಪಡಿಯಿಂದ ಬಂದ 371ಜೆ. ಈ ವಿಧಿ ಅಂದರೆ ಉದ್ಯೋಗ ಮತ್ತು ಸೀಟಿನ ಮೀಸಲಾತಿ ಎಂದೇ ಹೆಚ್ಚಿನವರಿಗೆ ಗೊತ್ತು. ಆದರೆ ಅದರ ಮೊದಲ ಭಾಗ ದುಡ್ಡಿನ ಬಗ್ಗೆ, ಸದನದ ಬಗ್ಗೆ ಇದೆ. ಪ್ರತ್ಯೇಕ ಅಭಿವೃದ್ಧಿ ಮಂಡಳಿ ಇರಬೇಕು. ಅದರ ಕೆಲಸದ ವರದಿಯನ್ನು ಪ್ರತಿವರ್ಷ ವಿಧಾನಸಭೆಯ ಮುಂದೆ ಇಡಬೇಕು. ಇಡೀ ರಾಜ್ಯದ ಅಗತ್ಯಗಳನ್ನು ನೋಡಿಕೊಂಡು, ಈ ಭಾಗದ ಅಭಿವೃದ್ಧಿ ವೆಚ್ಚಕ್ಕೆ ನ್ಯಾಯವಾದ ಪಾಲು ಕೊಡಬೇಕು. ಸದನಕ್ಕೆ ಲೆಕ್ಕ ಒಪ್ಪಿಸುವ ಕೆಲಸವನ್ನು ಸಂವಿಧಾನವೇ ಬರೆದಿಟ್ಟಿದೆ. ಯಾವುದೋ ಸುತ್ತೋಲೆಯ ಮಾತಲ್ಲ ಇದು.

ಹೀಗೆ ಬಂದ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಈಚಿನ ಬಜೆಟ್‌ಗಳಲ್ಲಿ ವರ್ಷಕ್ಕೆ 5,000 ಕೋಟಿ ರೂಪಾಯಿ ಘೋಷಿಸಲಾಗಿದೆ. ಸದನದಲ್ಲಿ ಬರುವ ಪ್ರಶ್ನೆಗಳು ಹೆಚ್ಚಾಗಿ ಈ 5,000 ಕೋಟಿಯ ಸುತ್ತ: ಎಷ್ಟು ಬಿಡುಗಡೆ, ಎಷ್ಟು ಬಾಕಿ, ನನ್ನ ಕ್ಷೇತ್ರಕ್ಕೆ ಎಷ್ಟು? ಅದು ಬೇಕು. ಆದರೆ ವಿಧಿಯ ಪದಗಳನ್ನು ಇನ್ನೊಮ್ಮೆ ಓದಿ. ಅಲ್ಲಿರುವುದು ಮಂಡಳಿಯ ಹಣ ಮಾತ್ರವಲ್ಲ, ಈ ಭಾಗದ ಮೇಲಿನ ಅಭಿವೃದ್ಧಿ ವೆಚ್ಚ. ಅಂದರೆ ಶಿಕ್ಷಣ, ಆರೋಗ್ಯ, ಲೋಕೋಪಯೋಗಿ, ನೀರಾವರಿ ಇಲಾಖೆಗಳು ತಮ್ಮ ಸ್ವಂತ ಬಜೆಟ್‌ನಿಂದ ಈ ಏಳು ಜಿಲ್ಲೆಗಳಿಗೆ ಮಾಡುವ ಖರ್ಚೂ ಸೇರಬೇಕು.

ಯಾಕೆ ಇದು ಮುಖ್ಯ? ಮಂಡಳಿಯ ಹಣ ಹೆಚ್ಚುವರಿಯಾಗಿ ಬರಬೇಕಾದದ್ದು. ಉಳಿದ ಜಿಲ್ಲೆಗಳಿಗೆ ಇಲಾಖೆ ಏನು ಮಾಡುತ್ತದೋ ಅದನ್ನು ಇಲ್ಲಿಯೂ ಮಾಡಿ, ಅದರ ಮೇಲೆ ಮಂಡಳಿಯ ಹಣ ಬಿದ್ದರೆ ಮಾತ್ರ ಅಂತರ ಕಡಿಮೆಯಾಗುತ್ತದೆ. ಇಲಾಖೆ ‘ನಿಮಗೆ ಮಂಡಳಿ ಇದೆಯಲ್ಲ, ಕೊಠಡಿಯನ್ನು ಅಲ್ಲಿಂದ ಕಟ್ಟಿಸಿಕೊಳ್ಳಿ’ ಎಂದು ತನ್ನ ಕೈ ಹಿಂದೆಗೆದರೆ, ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಂಡ ಹಾಗೆ. ಮಂಡಳಿಯ ಲೆಕ್ಕ ಮಾತ್ರ ನೋಡಿದರೆ ಇದು ಎಂದೂ ಕಾಣುವುದಿಲ್ಲ. ಆಗ ಮಂಡಳಿಯ ಖರ್ಚು ಏರುತ್ತಲೇ ಇರುತ್ತದೆ, ಜಿಲ್ಲೆ ಇದ್ದಲ್ಲೇ ಇರುತ್ತದೆ.

ಈ ಪ್ರಶ್ನೆಗೆ ಉತ್ತರಿಸಬೇಕಾದವರು ಯಾರು? ಮಂಡಳಿ ಬರುವುದು ಯೋಜನಾ ಇಲಾಖೆಯ ಕೆಳಗೆ. ಆ ಸಚಿವರು ಮಂಡಳಿಯ ಲೆಕ್ಕ ಹೇಳುತ್ತಾರೆ. ಶಾಲೆಯ ಪ್ರಶ್ನೆ ಶಿಕ್ಷಣ ಸಚಿವರಿಗೆ, ರಸ್ತೆಯದು ಲೋಕೋಪಯೋಗಿಗೆ, ಆಸ್ಪತ್ರೆಯದು ಆರೋಗ್ಯಕ್ಕೆ. ಪ್ರಶ್ನೋತ್ತರದ ವ್ಯವಸ್ಥೆ ಇಲಾಖೆವಾರು ಕಟ್ಟಿದ್ದು. ಒಂದು ಪ್ರದೇಶದ ಕಣ್ಣಿನಿಂದ ಕೇಳಿದರೆ ಪ್ರಶ್ನೆ ಹತ್ತು ತುಂಡಾಗಿ ಹತ್ತು ಮೇಜಿಗೆ ಹೋಗುತ್ತದೆ. ಪ್ರತಿಯೊಬ್ಬರೂ ತಮ್ಮ ತುಂಡಿಗೆ ಉತ್ತರಿಸುತ್ತಾರೆ. ಇಡೀ ಭಾಗದ ಲೆಕ್ಕ ಯಾರ ಕೈಯಲ್ಲೂ ಇರುವುದಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಕಲಬುರಗಿಯಲ್ಲಿ ಸಚಿವ ಸಂಪುಟ ಸಭೆ ನಡೆಸಿದಾಗ ಕಲ್ಯಾಣ ಕರ್ನಾಟಕಕ್ಕೆ ಪ್ರತ್ಯೇಕ ಸಚಿವಾಲಯದ ಮಾತನ್ನು ಮುಖ್ಯಮಂತ್ರಿ ಸಿದ್ದರಾಮಯ್ಯ ಘೋಷಿಸಿದರು. ಒಂದು ಹೊಸ ಕೊಠಡಿ, ಹೊಸ ನಾಮಫಲಕದಿಂದ ಇದು ಬಗೆಹರಿಯುವುದಿಲ್ಲ. ಎಲ್ಲ ಇಲಾಖೆಗಳ ಏಳು ಜಿಲ್ಲೆಯ ಖರ್ಚನ್ನು ಒಂದೇ ಪಟ್ಟಿಗೆ ತರುವ ಅಧಿಕಾರ ಅದಕ್ಕೆ ಇರಬೇಕು.

ಇದು ಆಗದ ಕೆಲಸವಲ್ಲ. ರಾಜ್ಯ ಸರ್ಕಾರ 2007-08ರಿಂದ ಬಜೆಟ್ ಜೊತೆ ಮಹಿಳಾ ಆಯವ್ಯಯದ ಪುಸ್ತಕ ಕೊಡುತ್ತಿದೆ. 2020-21ರಿಂದ ಮಕ್ಕಳ ಆಯವ್ಯಯವೂ ಇದೆ. ಎಲ್ಲ ಇಲಾಖೆಗಳಲ್ಲಿ ಹೆಣ್ಣುಮಕ್ಕಳಿಗೆ, ಮಕ್ಕಳಿಗೆ ಎಷ್ಟು ಎಂದು ಹೆಕ್ಕಿ ತೆಗೆಯಲು ಸಾಧ್ಯವಾದರೆ, ಯಾದಗಿರಿಗೆ ಎಷ್ಟು ಎಂದು ಹೆಕ್ಕುವುದು ಕಷ್ಟವೇ? ಖಜಾನೆಯ ಬಿಲ್‌ಗಳೆಲ್ಲ ಈಗ ಖಜಾನೆ-2 ತಂತ್ರಾಂಶದಲ್ಲೇ ಪಾಸಾಗುತ್ತವೆ. ಯಾವ ಕಚೇರಿ ಎಷ್ಟು ಬಿಲ್ ಮಾಡಿತು ಎಂಬುದು ಅಲ್ಲಿ ಇದೆ. ಬೆಂಗಳೂರಿನ ಒಂದು ಕೇಂದ್ರ ಕಚೇರಿ ಖರೀದಿ ಮಾಡಿ ಜಿಲ್ಲೆಗಳಿಗೆ ಹಂಚಿದ್ದರ ಲೆಕ್ಕ ಬಿಡಿಸುವುದು ಸ್ವಲ್ಪ ತೊಡಕು. ಆದರೂ ಶುರು ಮಾಡಬಹುದಾದಷ್ಟು ಮಾಹಿತಿ ಇದೆ.

ಪ್ರದೇಶಗಳ ನಡುವಿನ ಅಂತರ ಅಳೆಯುವ ವಿಷಯದಲ್ಲಿ ಕರ್ನಾಟಕ ಹಿಂದೆ ಬಿದ್ದಿಲ್ಲ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲೇ ಆಗಿನ 175 ತಾಲ್ಲೂಕುಗಳನ್ನು ಒಂದೊಂದಾಗಿ ಅಳೆದು ನೋಡಿತು. 114 ಹಿಂದುಳಿದ ತಾಲ್ಲೂಕುಗಳು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು, 40 ಅತಿ ಹಿಂದುಳಿದವು, 35 ಹಿಂದುಳಿದವು. ಆ 39ರಲ್ಲಿ 21 ತಾಲ್ಲೂಕುಗಳು ಗುಲ್ಬರ್ಗಾ ವಿಭಾಗದವು, ಅಂದರೆ ಈಗಿನ ಕಲ್ಯಾಣ ಕರ್ನಾಟಕದವು. ಎಂಟು ವರ್ಷಗಳಲ್ಲಿ 31,000 ಕೋಟಿ ರೂಪಾಯಿ ತೊಡಗಿಸಬೇಕು ಎಂದು ಸಮಿತಿ ಹೇಳಿತು. 2007-08ರಲ್ಲಿ ವಿಶೇಷ ಅಭಿವೃದ್ಧಿ ಯೋಜನೆ ಶುರುವಾಯಿತು. ಪ್ರೊ. ಎಂ. ಗೋವಿಂದ ರಾವ್ ಅವರ ನೇತೃತ್ವದಲ್ಲಿ ಮತ್ತೆ ಹೊಸದಾಗಿ ಅಳೆಯಲು 2024ರಲ್ಲಿ ಸಮಿತಿ ರಚಿಸಲಾಯಿತು. ನನಗೆ ನಂಜುಂಡಪ್ಪ ವರದಿಯಲ್ಲಿ ಇಷ್ಟವಾಗುವುದು ಅದು ತಾಲ್ಲೂಕಿಗೆ ಇಳಿದದ್ದು. ಜಿಲ್ಲೆಯ ಸರಾಸರಿಯಲ್ಲಿ ಮುಳುಗಿಹೋಗುವ ತಾಲ್ಲೂಕು ಅಲ್ಲಿ ತನ್ನ ಹೆಸರಿನಲ್ಲೇ ಕಾಣುತ್ತದೆ. ದಕ್ಷಿಣದ 13 ತಾಲ್ಲೂಕುಗಳೂ ಆ 39ರ ಪಟ್ಟಿಯಲ್ಲಿವೆ. ಹಿಂದುಳಿದಿರುವಿಕೆ ಒಂದೇ ದಿಕ್ಕಿನದಲ್ಲ ಎಂದು ಅದು ಆಗಲೇ ತೋರಿಸಿತು.

ಇಷ್ಟೆಲ್ಲ ಅಳತೆ ಇದ್ದೂ ಸದನದ ಉತ್ತರದಲ್ಲಿ ‘ಈ ತಾಲ್ಲೂಕು 2002ರಲ್ಲಿ ಎಲ್ಲಿತ್ತು, ಇವತ್ತು ಎಲ್ಲಿದೆ’ ಎಂಬ ಕಾಲಂ ಇರುವುದಿಲ್ಲ. ಕೇಳದೇ ಇದ್ದರೆ ಯಾರು ಹಾಕುತ್ತಾರೆ?

ಒಂದು ಪದದ ಅರ್ಥ ಸಡಿಲವಾದರೆ ಎಷ್ಟು ಹಣ ಸೋರಬಹುದು ಎಂಬುದಕ್ಕೆ ಪಕ್ಕದ ಒಂದು ಉದಾಹರಣೆ ಸಾಕು. ಬಜೆಟ್ ಹಣದ ಒಂದು ಪಾಲನ್ನು ಪರಿಶಿಷ್ಟರಿಗೆ ಎತ್ತಿಡುವ ಪರಿಶಿಷ್ಟ ಜಾತಿ ಉಪಯೋಜನೆ ಮತ್ತು ಬುಡಕಟ್ಟು ಉಪಯೋಜನೆಯ 2013ರ ಕಾಯ್ದೆಯಲ್ಲಿ 7ಡಿ ಎಂಬ ಕಲಂ ಇತ್ತು. ಎಲ್ಲರಿಗೂ ಬಳಕೆಯಾಗುವ ಮೂಲಸೌಕರ್ಯದ ಖರ್ಚಿನ ಒಂದು ಭಾಗವನ್ನು ದಲಿತರಿಗಾಗಿ ಮಾಡಿದ ಖರ್ಚು ಎಂದು ಭಾವಿಸಲು ಅದು ದಾರಿ ಮಾಡಿಕೊಟ್ಟಿತು. ದಲಿತ ಸಂಘಟನೆಗಳು ವರ್ಷಗಟ್ಟಲೆ ಹೋರಾಡಿದವು. ಕೊನೆಗೆ 2023ರಲ್ಲಿ ಆ ಕಲಂ ತೆಗೆದರು. ‘ಭಾವಿಸಲಾದ ವೆಚ್ಚ’ ಎಂಬ ಎರಡು ಪದಕ್ಕಾಗಿ ಇಷ್ಟು ಹೋರಾಟ ಬೇಕಾಯಿತು. ಪ್ರದೇಶದ ಲೆಕ್ಕದಲ್ಲೂ ‘ವೆಚ್ಚ’ ಎಂಬ ಪದವನ್ನು ಇಷ್ಟೇ ಹಟದಿಂದ ಹಿಡಿದು ಕೇಳಬೇಕು.

ಪ್ರಶ್ನೆ ಕೇಳುವ ಹಕ್ಕು ಸುಮ್ನೆ ಸಿಕ್ಕಿದ್ದಲ್ಲ. 1881ರ ಅಕ್ಟೋಬರ್‌ನಲ್ಲಿ ದಿವಾನ್ ರಂಗಾಚಾರ್ಲು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆ ಸೇರಿಸಿದಾಗ 144 ಮಂದಿ ಬಂದಿದ್ದರು. ದಿವಾನರು ಆಡಳಿತದ ಲೆಕ್ಕ ಹೇಳಿದರು. ಬಂದವರು ತಮ್ಮ ಊರುಗಳ ಅಹವಾಲು ಹೇಳಿಕೊಳ್ಳಬಹುದಿತ್ತು, ಅಷ್ಟೇ. ಬ್ರಿಟಿಷ್ ಭಾರತದಲ್ಲಿ ಶಾಸನ ಸಭೆಯ ಸದಸ್ಯರಿಗೆ ಪ್ರಶ್ನೆ ಕೇಳುವ ಅವಕಾಶ ಬಂದದ್ದು 1892ರ ಕಾಯ್ದೆಯಿಂದ. ಉತ್ತರ ಕೇಳಿ ಅದರ ಮೇಲೆ ಇನ್ನೊಂದು ಪ್ರಶ್ನೆ ಕೇಳಲು 1909ರವರೆಗೆ ಕಾಯಬೇಕಾಯಿತು. ಆ ಹದಿನೇಳು ವರ್ಷ ಏನು ಉತ್ತರ ಬಂತೋ ಅದೇ ಕೊನೆ. ಉಪಪ್ರಶ್ನೆಯ ಬೆಲೆ ಇದರಿಂದ ಗೊತ್ತಾಗುತ್ತದೆ.

ಇವತ್ತು ನಮ್ಮ ಸದನದಲ್ಲಿ ಆ ಉಪಪ್ರಶ್ನೆ ಹೇಗೆ ಬಳಕೆಯಾಗುತ್ತಿದೆ? ಹೆಚ್ಚಿನ ಸಲ ಹೀಗೆ: ಸಚಿವರು ‘ಉತ್ತರ ಒದಗಿಸಿದ್ದೇನೆ, ಸಭಾಧ್ಯಕ್ಷರೇ’ ಎನ್ನುತ್ತಾರೆ. ಶಾಸಕರು ಎದ್ದು ತಮ್ಮ ಕ್ಷೇತ್ರದ ಕಷ್ಟವನ್ನು ಐದು ನಿಮಿಷ ಹೇಳುತ್ತಾರೆ. ಕೊನೆಗೆ ‘ದಯವಿಟ್ಟು ಅನುದಾನ ಕೊಡಿ’ ಎನ್ನುತ್ತಾರೆ. ಸಚಿವರು ‘ಪರಿಶೀಲಿಸುತ್ತೇನೆ’ ಎನ್ನುತ್ತಾರೆ. ಶಾಸಕರ ಕಷ್ಟ ನನಗೆ ಅರ್ಥವಾಗುತ್ತದೆ. ಊರಿಗೆ ಹೋದರೆ ಜನ ಕೇಳುವುದು ರಸ್ತೆಯನ್ನೇ. ಆದರೆ ಲೆಕ್ಕ ಕೇಳುವ ಹೊತ್ತು ಬೇಡಿಕೊಳ್ಳುವ ಹೊತ್ತಾದಾಗ, ಉತ್ತರ ಕೊಡಬೇಕಾದವರು ವರ ಕೊಡುವವರಾಗಿಬಿಡುತ್ತಾರೆ. ಅನುಬಂಧದ ಮೂರನೇ ಪುಟದ ಒಂದು ಸಾಲನ್ನು ಹಿಡಿದು ‘ಈ ಕಾಮಗಾರಿಗೆ ಹಣ ಪೂರ್ತಿ ಕೊಟ್ಟಿದ್ದೀರಿ, ಕೆಲಸ ಯಾಕೆ ಆರಂಭವಾಗಿಲ್ಲ’ ಎಂದು ಒಂದೇ ವಾಕ್ಯ ಕೇಳಿದರೆ ಇಡೀ ಸದನ ಕಿವಿಗೊಡುತ್ತದೆ.

‘ಪರಿಶೀಲಿಸುತ್ತೇನೆ’, ‘ಮಾಡಿಸಿಕೊಡುತ್ತೇನೆ’ ಎಂದದ್ದೂ ಗಾಳಿಗೆ ಹೋಗಬೇಕಾಗಿಲ್ಲ. ಸದನದಲ್ಲಿ ಕೊಟ್ಟ ಮಾತುಗಳ ಬೆನ್ನು ಹತ್ತಲೆಂದೇ ಸರ್ಕಾರಿ ಭರವಸೆಗಳ ಸಮಿತಿ ಇದೆ. ಉತ್ತರ ಸಮಾಧಾನ ತರದಿದ್ದರೆ ಅರ್ಧ ಗಂಟೆ ಚರ್ಚೆ ಕೇಳುವ ಅವಕಾಶವಿದೆ. ಹಣ ಹೇಗೆ ಖರ್ಚಾಯಿತು ಎಂದು ಅಧಿಕಾರಿಗಳನ್ನೇ ಕೂರಿಸಿ ಕೇಳಲು ಸಾರ್ವಜನಿಕ ಲೆಕ್ಕಪತ್ರ ಸಮಿತಿ ಇದೆ. ಆದರೆ ಇದಕ್ಕೆಲ್ಲ ಸದನ ನಡೆಯಬೇಕು. ವರ್ಷಕ್ಕೆ ಕನಿಷ್ಠ 60 ದಿನ ನಡೆಯಬೇಕು ಎಂದು 2005ರಲ್ಲಿ ನಾವೇ ಕಾನೂನು ಮಾಡಿಕೊಂಡಿದ್ದೇವೆ. ಈಚಿನ ವರ್ಷಗಳಲ್ಲಿ ಆ ಸಂಖ್ಯೆ ಮುಟ್ಟಿಲ್ಲ. 2012ರಲ್ಲಿ ಬೆಳಗಾವಿಯ ಸುವರ್ಣ ವಿಧಾನಸೌಧ ಉದ್ಘಾಟನೆಯಾದದ್ದು ಉತ್ತರ ಕರ್ನಾಟಕದ ಮಾತು ಅಲ್ಲಿ ನಡೆಯಲಿ ಎಂದೇ. ಅಲ್ಲಿ ಸೇರಿದಾಗಲೂ ಆ ಚರ್ಚೆ ಕೊನೆಯ ದಿನಗಳಿಗೆ ಜಾರುತ್ತದೆ ಎಂಬ ದೂರು ವರ್ಷ ವರ್ಷವೂ ಕೇಳಿಬರುತ್ತದೆ. ಗದ್ದಲದಲ್ಲಿ ಪ್ರಶ್ನೋತ್ತರದ ಅವಧಿ ಹೋದ ದಿನ ಚುಕ್ಕೆ ಗುರುತಿನ ಪ್ರಶ್ನೆಗೂ ಬರೆದ ಉತ್ತರವೇ ಗತಿ. ಉಪಪ್ರಶ್ನೆ ಇಲ್ಲ. ಅಂಥ ದಿನ ನಾವು 1909ಕ್ಕಿಂತ ಹಿಂದೆ ಹೋಗಿರುತ್ತೇವೆ.

ಸದನದ ಮೇಲೆ ಇಷ್ಟು ಭಾರ ಬಿದ್ದಿರುವುದಕ್ಕೆ ಇನ್ನೊಂದು ಕಾರಣ ಇದೆ. ಕೊಳವೆಬಾವಿ, ಅಂಗನವಾಡಿ, ಹಳ್ಳಿ ರಸ್ತೆಯ ಪ್ರಶ್ನೆಗಳನ್ನು ಕೇಳಬೇಕಾದ ಜಾಗ ಜಿಲ್ಲಾ ಪಂಚಾಯಿತಿ ಮತ್ತು ತಾಲ್ಲೂಕು ಪಂಚಾಯಿತಿ. ಅಬ್ದುಲ್ ನಜೀರ್ ಸಾಬ್ ಅವರ ಕಾಲದಲ್ಲಿ, 1983ರ ಕಾಯ್ದೆಯ ಮೂಲಕ, ದೇಶವೇ ತಿರುಗಿ ನೋಡುವಂಥ ಜಿಲ್ಲಾ ಪರಿಷತ್ತುಗಳನ್ನು ಕಟ್ಟಿದ ರಾಜ್ಯ ನಮ್ಮದು. ಆದರೆ 2016ರಲ್ಲಿ ಆರಿಸಿ ಬಂದವರ ಅವಧಿ 2021ರಲ್ಲಿ ಮುಗಿಯಿತು. ಆಮೇಲೆ ಕ್ಷೇತ್ರ ವಿಂಗಡಣೆ, ಮೀಸಲಾತಿ ಎಂದು ಚುನಾವಣೆ ವರ್ಷಗಟ್ಟಲೆ ಮುಂದಕ್ಕೆ ಹೋಯಿತು. ಪಂಚಾಯಿತಿಗಳನ್ನು ಆಡಳಿತಾಧಿಕಾರಿಗಳ ಕೈಗೆ ಕೊಟ್ಟರು. ಜಿಲ್ಲಾ ಉಸ್ತುವಾರಿ ಸಚಿವರು ನಡೆಸುವ ಕೆಡಿಪಿ (ಕರ್ನಾಟಕ ಅಭಿವೃದ್ಧಿ ಕಾರ್ಯಕ್ರಮ) ಸಭೆ ಇದೆ, ನಿಜ. ಅಲ್ಲಿ ಅಧಿಕಾರಿಗಳನ್ನು ತರಾಟೆಗೆ ತೆಗೆದುಕೊಂಡ ಸುದ್ದಿ ಮರುದಿನ ಪತ್ರಿಕೆಯಲ್ಲಿ ಬರುತ್ತದೆ. ಆದರೆ ಅಲ್ಲಿ ಪ್ರಶ್ನೆ ಕೇಳುವವರು ಸಚಿವರು. ಸಚಿವರನ್ನು ಪ್ರಶ್ನೆ ಕೇಳುವ ಜಾಗ ಸದನ ಮಾತ್ರ. 224 ಶಾಸಕರು, 75 ಪರಿಷತ್ ಸದಸ್ಯರ ಮೇಲೆ ಸಾವಿರಾರು ಹಳ್ಳಿಗಳ ಲೆಕ್ಕ ಕೇಳುವ ಹೊಣೆ ಬಿದ್ದಿದೆ.

ಓದುವವರ ಕಷ್ಟವೂ ಇದೆ. ಉತ್ತರಗಳು ವಿಧಾನಸಭೆಯ ಜಾಲತಾಣಕ್ಕೆ ಬರುತ್ತವೆ, ಅದು ದೊಡ್ಡ ಅನುಕೂಲ. ಆದರೆ ಎಷ್ಟೋ ಪ್ರತಿಗಳು ಸ್ಕ್ಯಾನ್ ಮಾಡಿದ ಚಿತ್ರಗಳು. ನಿಮ್ಮ ತಾಲ್ಲೂಕಿನ ಹೆಸರು ಹಾಕಿ ಹುಡುಕಿದರೆ ಸಿಗುವುದಿಲ್ಲ. ಅಡ್ಡಡ್ಡ ಮಲಗಿದ ಅನುಬಂಧವನ್ನು ತಲೆ ವಾಲಿಸಿ ಓದಬೇಕು. ಯುನಿಕೋಡ್‌ನಲ್ಲಿ, ಪಟ್ಟಿಯನ್ನು ಪಟ್ಟಿಯಾಗಿಯೇ ಕೊಟ್ಟರೆ ಒಬ್ಬ ಕಾಲೇಜು ಹುಡುಗಿ ಒಂದು ಸಂಜೆಯಲ್ಲಿ ತನ್ನ ಹೋಬಳಿಯ ಮೂರು ವರ್ಷದ ಲೆಕ್ಕ ತೆಗೆಯಬಹುದು. ಇದಕ್ಕೆ ಹೊಸ ಕಾನೂನು ಬೇಡ, ಹೊಸ ಅನುದಾನವೂ ಬೇಡ.

ಶಾಸಕರು ಪ್ರಶ್ನೆಗಳನ್ನು ತಾವೊಬ್ಬರೇ ಕೂತು ಬರೆಯಬೇಕೆಂದಿಲ್ಲ. ಸಂಘಟನೆಗಳು, ಶಿಕ್ಷಕರು, ಊರಿನವರು ಬರೆದುಕೊಟ್ಟದ್ದನ್ನೂ ಕೇಳಬಹುದು. ಮುಂದಿನ ಅಧಿವೇಶನಕ್ಕೆ ಮೊದಲು ನಾನು ನಮ್ಮ ಶಾಸಕರಿಗೆ ಒಂದು ಪ್ರಶ್ನೆ ಬರೆದುಕೊಡಬೇಕೆಂದಿದ್ದೇನೆ. ಇಡೀ ಜಿಲ್ಲೆಯದಲ್ಲ, ಒಂದೇ ತಾಲ್ಲೂಕಿನದು. ಕರಡು ಹೀಗಿದೆ. ಬೇಕಾದವರು ತಮ್ಮ ತಾಲ್ಲೂಕಿನ ಹೆಸರು ಹಾಕಿಕೊಳ್ಳಬಹುದು.

(ಅ) ಕಳೆದ ಮೂರು ಸಾಲುಗಳಲ್ಲಿ ತಾಲ್ಲೂಕಿಗೆ ಮಂಜೂರಾದ ಅಂಗನವಾಡಿ ಕಟ್ಟಡಗಳು ಎಷ್ಟು? ಕ್ರಿಯಾ ಯೋಜನೆಗೆ ಅನುಮೋದನೆ ದೊರೆತ ದಿನಾಂಕ ಯಾವುದು? (ಗ್ರಾಮವಾರು ವಿವರ ನೀಡುವುದು)

(ಆ) ಅವುಗಳಲ್ಲಿ ಮಂಡಳಿಯ ಅನುದಾನದಿಂದ ಎಷ್ಟು, ಇಲಾಖೆಯ ಸ್ವಂತ ಆಯವ್ಯಯದಿಂದ ಎಷ್ಟು?

(ಇ) ಅನುಷ್ಠಾನ ಸಂಸ್ಥೆಗೆ ಹಣ ವರ್ಗಾಯಿಸಿದ ದಿನಾಂಕ, ಗುತ್ತಿಗೆದಾರರಿಗೆ ಬಿಲ್ ಪಾವತಿಸಿದ ದಿನಾಂಕ, ಇಂದಿಗೆ ಆ ಸಂಸ್ಥೆಯ ಖಾತೆಯಲ್ಲಿ ಉಳಿದಿರುವ ಮೊತ್ತ ಎಷ್ಟು?

(ಈ) ಇಂದು ಎಷ್ಟು ಕಟ್ಟಡಗಳಲ್ಲಿ ಮಕ್ಕಳು ಕೂರುತ್ತಿದ್ದಾರೆ?